ಕೆಂಡತ್ತೆಯ ಕಾಲುಗಂಟು

ಕೆಂಡತ್ತೆಗೆ ಆ ಹೆಸರಿಟ್ಟದ್ದು ಅವಳ ತಮ್ಮನ ಮಗಳು. ಮಗುವಿಗೆ ಮೂರು ವರ್ಷವಿದ್ದಾಗ, ಮೀಟರ್ ನೋಡಲು ಬಂದವನ ಮೇಲೆ ಹಾರಾಡಿ ಒಳಗೆ ಬಂದ ಅತ್ತೆಯ ಕೆನ್ನೆ ಮುಟ್ಟಿ ನೋಡಿ, "ಅತ್ತೆ ಕೆಂಡ" ಅಂದಿತ್ತು. ಅತ್ತೆಯೊಬ್ಬಳನ್ನು ಬಿಟ್ಟು ಮನೆಯವರೆಲ್ಲ ನಕ್ಕರು. ಹೆಸರು ಮಾತ್ರ ಅಂಟಿಕೊಂಡಿತು. ಹತ್ತು ವರ್ಷದ ಮೇಲೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳ ಜೊತೆ ದುಡಿಯುವವರೂ, ಅವಳ ಕಿವಿಗೆ ಬೀಳದ ಹಾಗೆ, ಅದನ್ನೇ ಹೇಳುತ್ತಿದ್ದರು.

ವಯಸ್ಸು ನಲವತ್ತಾರು. ಮದುವೆಯಾಗಿ ಒಂದೂವರೆ ವರ್ಷಕ್ಕೆ ಗಂಡನ ಮನೆಯಿಂದ ತಾನಾಗಿಯೇ ಪೆಟ್ಟಿಗೆ ಹೊತ್ತು ವಾಪಸ್ ಬಂದವಳು. ಯಾಕೆ ಅಂತ ಕೇಳಿದವರಿಗೆ, "ಹೋಗಿ ನೀವೇ ಇದ್ದು ನೋಡಿ" ಅಂದವಳು. ಅಂದಿನಿಂದ ತಮ್ಮನ ಮನೆಯ ಮಹಡಿಕೋಣೆ ಅವಳದು. ಬೆಳಿಗ್ಗೆ ಆರಕ್ಕೆ ಲಾಂಡ್ರಿ ಸೇರಬೇಕು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಾಲ್ಕು ದೊಡ್ಡ ಒಗೆಯುವ ಯಂತ್ರಗಳು, ಗೋಡೆಯುದ್ದಕ್ಕೂ ಹಬೆಯ ಪೈಪು, ಯಾವಾಗಲೂ ಒದ್ದೆಯಾಗಿರುವ ನೆಲ. ಹಸಿ ಬೆಡ್‌ಶೀಟುಗಳನ್ನು ಎಳೆದು, ಕೊಡವಿ, ಮಡಚಿ ಅವಳ ಮುಂಗೈಗಳು ಹಗ್ಗದ ಹಾಗೆ ಹುರಿಗೊಂಡಿದ್ದವು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೋಪ ಬಂತೆಂದರೆ ದೊಡ್ಡವರು ಚಿಕ್ಕವರು ಅನ್ನದೆ ಎಲ್ಲರಿಗೂ ಏಕವಚನ. ಆದರೆ ಅದು ಮೇರೆ ಮೀರಿದರೆ ದನಿ ತಗ್ಗಿ, ಮನೆಯವರಿಗೂ 'ನೀವು' ಅನ್ನತೊಡಗುತ್ತಿದ್ದಳು. ಆಗ ಬುದ್ಧಿ ಇದ್ದವರು ಜಾಗ ಖಾಲಿ ಮಾಡುತ್ತಿದ್ದರು.

ಹೆಸರಿಟ್ಟ ಹುಡುಗಿಯನ್ನು ಮನೆಯಲ್ಲಿ ಗುಬ್ಬಿ ಅಂತ ಕರೆಯುತ್ತಿದ್ದರು. ಹೆಸರಿಗಷ್ಟೇ ಗುಬ್ಬಿ, ಹದಿಮೂರು ವರ್ಷಕ್ಕೇ ಅತ್ತೆಯ ಭುಜಕ್ಕೆ ಬಂದಿದ್ದ ಗಟ್ಟಿ ಹುಡುಗಿ. ಆ ವರ್ಷ ಅವಳಿಗೆ ಬಟ್ಟೆ ಹತ್ತುವ ಹುಚ್ಚು ಹಿಡಿಯಿತು. ಮೇಲಿನ ತೊಲೆಯಿಂದ ಎರಡು ಉದ್ದನೆಯ ರೇಷ್ಮೆಯಂಥ ಬಟ್ಟೆ ಇಳಿಬಿಟ್ಟಿರುತ್ತಾರೆ. ಅದನ್ನು ಹಿಡಿದು ಹತ್ತಿ, ಕಾಲಿಗೆ, ಸೊಂಟಕ್ಕೆ ಸುತ್ತಿಕೊಂಡು, ಗಾಳಿಯಲ್ಲಿ ತೇಲಿದ ಹಾಗೆ ನಿಲ್ಲುತ್ತಾರೆ. ಏರಿಯಲ್ ಸಿಲ್ಕ್ಸ್ ಅಂತ ಅದರ ಹೆಸರು. ಟೈರು ಗೋದಾಮಿನ ಮೇಲಿನ ಹಾಲ್‌ನಲ್ಲಿ ವಾರಕ್ಕೆ ಮೂರು ಸಂಜೆ ತರಗತಿ ನಡೆಯುತ್ತಿತ್ತು. ಅಲ್ಲಿ ಮೊದಲು ಕಲಿಸುವುದು ಕಾಲುಗಂಟು. ಬಟ್ಟೆಯನ್ನು ಒಂದು ಪಾದಕ್ಕೆ ಸುತ್ತಿ, ಅದರ ಬಾಲವನ್ನು ಇನ್ನೊಂದು ಪಾದದಿಂದ ಎತ್ತಿ ಮೇಲೆ ಹಾಕಿ, ಆ ಸುತ್ತಿನ ಮೇಲೇ ಎದ್ದು ನಿಲ್ಲಬೇಕು. ಅದು ಬಂದರೆ ಮುಂದಿನದೆಲ್ಲ ಬರುತ್ತದೆ. ಅದು ಬರದಿದ್ದರೆ ಏನೂ ಇಲ್ಲ.

ಗುಬ್ಬಿಗೆ ಅದು ಬರಲಿಲ್ಲ. ಜೊತೆಗೆ ಸೇರಿದವರು ಎರಡನೇ ವಾರಕ್ಕೆ ನೆಲ ಬಿಟ್ಟರು. ಆರನೇ ವಾರ ಮುಗಿದರೂ ಇವಳ ಪಾದ ಗಂಟಿನಿಂದ ಜಾರುತ್ತಲೇ ಇತ್ತು. ಒಂದು ಸಂಜೆ ಮನೆಗೆ ಬಂದವಳು ಬೂಟು ಬಿಚ್ಚಿದರೆ, ಪಾದದ ಮೇಲ್ಭಾಗದಲ್ಲಿ ಬಟ್ಟೆ ಉಜ್ಜಿ ಉಜ್ಜಿ ಚರ್ಮ ಕಿತ್ತಿತ್ತು.

"ಕೋಚ್ ಏನಂದ್ರು?" ಅಮ್ಮ ಕೇಳಿದಳು.

"ಎಲ್ಲರ ಮೈಗೂ ಇದು ಒಗ್ಗಲ್ವಂತೆ. ಬೇರೆ ಏನಾದ್ರೂ ನೋಡ್ಕೊ ಅಂದ್ರು."

ಊಟಕ್ಕೆ ಕೂತಿದ್ದ ಅಪ್ಪ ತಲೆ ಎತ್ತಲಿಲ್ಲ. "ನಾನು ಮೊದಲೇ ಹೇಳಿದ್ದೆ. ಬಿಟ್ಬಿಡು. ನಮ್ಮ ಮನೆಯವರಿಗೆ ಅದೆಲ್ಲ ಹತ್ತಲ್ಲ."

ಆ ಮಾತಿಗೆ ಮೂಲೆಯಲ್ಲಿ ತಟ್ಟೆ ಹಿಡಿದಿದ್ದ ಕೆಂಡತ್ತೆಯ ಕೈ ನಿಂತಿತು.

ಮೂವತ್ತನಾಲ್ಕು ವರ್ಷದ ಹಿಂದೆ ಇದೇ ಮಾತನ್ನು ಅವಳು ಕೇಳಿದ್ದಳು. ಆರನೇ ತರಗತಿಯಲ್ಲಿ ಭಿನ್ನರಾಶಿ ಬಂದಾಗ ಅವಳಿಗೆ ಒಂದೇ ಒಂದು ಪ್ರಶ್ನೆ ಇತ್ತು: ಕೆಳಗಿನ ಅಂಕಿ ದೊಡ್ಡದಾದರೆ ಪಾಲು ಚಿಕ್ಕದಾಗುವುದು ಹೇಗೆ? ಮೂರು ಸಲ ಕೇಳಿದಳು. ಲೆಕ್ಕದ ಮೇಷ್ಟ್ರು ಮೂರು ಸಲವೂ ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಅದೇ ರೀತಿ ಬರೆದು, ನಾಲ್ಕನೇ ಸಲ ಅಪ್ಪನನ್ನು ಕರೆಸಿ ಹೇಳಿದರು: "ಇವಳ ತಲೆಗೆ ಹತ್ತಲ್ಲ." ಅಪ್ಪ ಹೌದು ಅಂತ ತಲೆ ಆಡಿಸಿದ. ಅಮ್ಮ ಮನೆಗೆಲಸಕ್ಕೆ ಒಂದು ಕೈ ಆಯಿತು ಅಂದಳು. ಎರಡು ವರ್ಷ ಚಿಕ್ಕವನಾದ ತಮ್ಮ ಮಾರನೇ ದಿನ ಚೀಲ ಹಾಕಿಕೊಂಡು ಒಬ್ಬನೇ ಶಾಲೆಗೆ ಹೋದ. ಅಷ್ಟೇ ಆದದ್ದು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಒಬ್ಬ ಮನುಷ್ಯ ಒಂದು ಮಾತು ಹೇಳಿದ, ಎಲ್ಲರೂ ಒಪ್ಪಿಕೊಂಡರು. ಹನ್ನೆರಡು ವರ್ಷದ ಹುಡುಗಿ ತಾನೂ ಒಪ್ಪಿಕೊಂಡಿದ್ದಳು ಅನ್ನುವುದು ನೆನಪಾದರೆ ಈಗಲೂ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಮುಂದಿನ ತರಗತಿಯ ದಿನ ಲಾಂಡ್ರಿ ಮುಗಿಸಿ, ಸಮವಸ್ತ್ರದಲ್ಲೇ ಅವಳು ಗೋದಾಮಿನ ಮೆಟ್ಟಿಲು ಹತ್ತಿದಳು. ಮೆಟ್ಟಿಲ ತುಂಬ ರಬ್ಬರಿನ ವಾಸನೆ. ಮೇಲೆ ಹಾಲ್‌ನಲ್ಲಿ ನೀಲಿ ಮ್ಯಾಟುಗಳು, ನಾಲ್ಕು ಜೊತೆ ಬಟ್ಟೆ, ಹತ್ತು ಹನ್ನೆರಡು ಹುಡುಗಿಯರು. ಕೋಚ್‌ಗೆ ಇಪ್ಪತ್ತನಾಲ್ಕಿರಬಹುದು, ಬೆನ್ನು ನೆಟ್ಟಗೆ, ಕುತ್ತಿಗೆ ಉದ್ದ, ನಿಂತಲ್ಲೇ ಕಾಲನ್ನು ಕಿವಿಯ ತನಕ ಎತ್ತಬಲ್ಲವಳು.

"ನಮ್ಮ ಹುಡುಗಿಗೆ ಒಗ್ಗಲ್ಲ ಅಂದ್ರಂತೆ. ಯಾಕೆ ಒಗ್ಗಲ್ಲ?"

ಕೋಚ್ ಸಮಾಧಾನದಿಂದಲೇ ಹೇಳಿದಳು. "ಆಂಟಿ, ಬೇಜಾರು ಮಾಡ್ಕೋಬೇಡಿ. ಕೆಲವರಿಗೆ ಸಹಜವಾಗಿ ಬರುತ್ತೆ, ಕೆಲವರಿಗೆ ಬರಲ್ಲ."

"ಸಹಜವಾಗಿ ಬರೋ ಹಾಗಿದ್ರೆ ನೀನ್ಯಾಕೆ ಬೇಕು ಇಲ್ಲಿ?"

ಹುಡುಗಿಯರೆಲ್ಲ ತಿರುಗಿ ನೋಡಿದರು. ಕೋಚ್ ಮುಖ ಕೆಂಪಾಯಿತು. "ನಾನು ಆರು ವಾರ ತೋರಿಸಿದ್ದೀನಿ. ನೀವೇ ಒಂದ್ಸಲ ಮಾಡಿ ನೋಡಿ ಆಂಟಿ, ಆಮೇಲೆ ಮಾತಾಡೋಣ."

ಅವಳು ಹೋಗಿಬಿಡುತ್ತಾಳೆ ಅಂತ ಕೋಚ್ ಅಂದುಕೊಂಡಿರಬೇಕು. ಕೆಂಡತ್ತೆ ಚಪ್ಪಲಿ ಬಿಟ್ಟು, ಪ್ಯಾಂಟಿನ ಕಾಲು ಮಡಚಿ, ಬಟ್ಟೆ ಹಿಡಿದಳು. ಕೈಯಲ್ಲಿ ಜೋತುಬೀಳುವುದು ಅವಳಿಗೆ ಕಷ್ಟವೇ ಆಗಲಿಲ್ಲ. ಆ ಕೈಗಳು ಇದಕ್ಕಿಂತ ಭಾರದ್ದನ್ನು ದಿನವೂ ಎಳೆದಿದ್ದವು. ಕೋಚ್ ಎದುರು ನಿಂತು ಕಾಲು ಸುತ್ತಿ ತೋರಿಸಿದಳು. ಕೆಂಡತ್ತೆ ಹಾಗೇ ಸುತ್ತಿದಳು, ಎದ್ದು ನಿಂತಳು, ಗಂಟು ಬಿಚ್ಚಿಕೊಂಡು ಧೊಪ್ಪನೆ ಮ್ಯಾಟಿನ ಮೇಲೆ ಕುಂಡಿ ಊರಿ ಬಿದ್ದಳು. ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು.

ಕೆಂಡತ್ತೆ ಎದ್ದು ಪ್ಯಾಂಟು ಕೊಡವಿದಳು. "ಮುಂದಿನ ಕ್ಲಾಸು ಯಾವಾಗ?"

ಹೀಗೆ ಅವಳು ಕಲಿಯಲು ಶುರುಮಾಡಿದ್ದು ಆಸೆಯಿಂದಲ್ಲ, ಕಲೆಯ ಮೇಲಿನ ಪ್ರೀತಿಯಿಂದಂತೂ ಅಲ್ಲವೇ ಅಲ್ಲ. ಬರೀ ಸಿಟ್ಟಿನಿಂದ. ಗುಬ್ಬಿ ಮಾತ್ರ ಮನೆಯಲ್ಲೇ ಉಳಿದಳು. "ಎಲ್ಲರೆದುರು ನನ್ನ ಮಾನ ಕಳೆದೆ ಅತ್ತೆ, ನಾನಿನ್ನು ಆ ಕಡೆ ತಲೆ ಹಾಕಲ್ಲ" ಅಂತ ಬಾಗಿಲು ಹಾಕಿಕೊಂಡಳು. ಅತ್ತೆ ಆ ಬಾಗಿಲಿಗೂ ನಾಲ್ಕು ಮಾತು ಬೈದು ತರಗತಿಗೆ ಹೋದಳು.

ವಾರಗಳು ಕಳೆದವು. ಕೋಚ್ ಎದುರು ನಿಂತು, "ಹೀಗೆ ಬನ್ನಿ, ಹೀಗೆ ಸುತ್ತಿ, ಹೀಗೆ ನಿಲ್ಲಿ, ಬಂತಲ್ಲ?" ಅನ್ನುತ್ತಿದ್ದಳು. ಬರುತ್ತಿರಲಿಲ್ಲ.

"ಹೀಗೆ ಅಂದ್ರೆ ಹೇಗೆ?"

"ಹೀಗೆ." ಅವಳು ಮತ್ತೆ ಮಾಡುತ್ತಿದ್ದಳು, ನೀರು ಹರಿದ ಹಾಗೆ, ಕಣ್ಣು ಮಿಟುಕಿಸುವುದರೊಳಗೆ.

"ನಿಧಾನ ಮಾಡಮ್ಮ."

"ನಿಧಾನ ಮಾಡಿದ್ರೆ ನಂಗೇ ಮರೆತುಹೋಗುತ್ತೆ ಆಂಟಿ. ಯೋಚನೆ ಮಾಡ್ಬೇಡಿ, ಮೈಗೆ ಬಿಟ್ಬಿಡಿ."

ಕೆಂಡತ್ತೆ ಹಲ್ಲು ಕಡಿದಳು. ಅವಳ ಮೈ ಕೇಳುತ್ತಿದ್ದದ್ದೂ ಅದೇ: ಹೇಗೆ? ಪಾದದ ಮೇಲೆ ಗುಬ್ಬಿಗೆ ಆದಂಥದೇ ಗಾಯವಾಯಿತು. ತಮ್ಮನ ಹೆಂಡತಿ ಮುಲಾಮು ಹಚ್ಚುತ್ತ, "ಈ ವಯಸ್ಸಲ್ಲಿ ಇದೆಲ್ಲ ಬೇಕಾ ಅತ್ತಿಗೆ?" ಅಂದಳು. "ಆ ವಯಸ್ಸಲ್ಲೂ ಬೇಡ ಅಂದ್ರಿ, ಈ ವಯಸ್ಸಲ್ಲೂ ಬೇಡ ಅಂತೀರಿ" ಅಂದು ಕೆಂಡತ್ತೆ ಕಾಲು ಎಳೆದುಕೊಂಡಳು. ಯಾವ ವಯಸ್ಸಿನ ಮಾತೋ ಪಾಪ ಆಕೆಗೆ ತಿಳಿಯಲಿಲ್ಲ.

ಏಳನೇ ವಾರ ಲಾಂಡ್ರಿಯಲ್ಲಿ ಮೂರನೇ ನಂಬರಿನ ಯಂತ್ರ ಕೈಕೊಟ್ಟಿತು. ಆ ಯಂತ್ರಗಳ ಡ್ರಮ್ಮು ಸ್ವಲ್ಪ ಹೊತ್ತು ಒಂದು ಕಡೆಗೆ ತಿರುಗಿ, ನಿಂತು, ಆಮೇಲೆ ಇನ್ನೊಂದು ಕಡೆಗೆ ತಿರುಗುತ್ತದೆ. ಅವತ್ತು ವಾಪಸ್ ತಿರುಗುವುದನ್ನೇ ನಿಲ್ಲಿಸಿ, ಮುಕ್ಕಾಲು ಗಂಟೆ ಒಂದೇ ದಿಕ್ಕಿಗೆ ತಿರುಗಿತ್ತು. ಬಾಗಿಲು ತೆಗೆದರೆ ನಲವತ್ತು ಬೆಡ್‌ಶೀಟು ಸೇರಿ ತೊಡೆಯಷ್ಟು ದಪ್ಪನೆಯ ಒಂದೇ ಹಗ್ಗ. ಬಿಡಿಸುವ ಕೆಲಸ ಕೆಂಡತ್ತೆಯ ಪಾಲಿಗೆ ಬಂತು. ಯಂತ್ರವನ್ನೂ, ಅದನ್ನು ರಿಪೇರಿ ಮಾಡಿಸದ ಮೇಲ್ವಿಚಾರಕನನ್ನೂ, ಅವನನ್ನು ನೇಮಿಸಿದವರನ್ನೂ ಬೈಯುತ್ತ ಅವಳು ಒದ್ದೆ ನೆಲದಲ್ಲಿ ಕೂತಳು. ಒಂದು ಶೀಟು ಹಿಡಿದು ಎಳೆದರೆ ಬಿಗಿಯುತ್ತಿತ್ತು. ಅದನ್ನೇ ಹಿಂದಕ್ಕೆ ಒಂದು ಸುತ್ತು ತಿರುಗಿಸಿದರೆ ತಾನಾಗಿ ಸಡಿಲವಾಗುತ್ತಿತ್ತು. ಅದೇ ಬಟ್ಟೆ, ಅದೇ ಸುತ್ತು. ದಿಕ್ಕು ಮಾತ್ರ ಬೇರೆ. ಒಂದು ಕಡೆಗೆ ಬಿಗಿ, ಇನ್ನೊಂದು ಕಡೆಗೆ ಬಿಡುಗಡೆ.

ಅವಳ ಬೈಗುಳ ಅರ್ಧಕ್ಕೆ ನಿಂತಿತು. ಕೋಚ್ ಎದುರು ನಿಂತು ತೋರಿಸುತ್ತಾಳೆ. ಎದುರಿಗಿದ್ದವಳ ಬಲ ನನಗೆ ಎಡ. ಅವಳು ಬಲಗಾಲು ಅನ್ನುತ್ತಾಳೆ, ನಾನೂ ಬಲಗಾಲೇ ಎತ್ತುತ್ತೇನೆ. ಆದರೆ ಸುತ್ತುವ ದಿಕ್ಕನ್ನು ಮಾತ್ರ ಕಣ್ಣಿಗೆ ಕಂಡ ಹಾಗೆ ನಕಲು ಮಾಡುತ್ತೇನೆ. ಕನ್ನಡಿಯಲ್ಲಿ ನೋಡಿ ತಲೆ ಬಾಚಿದ ಹಾಗೆ. ಸುತ್ತು ಉಲ್ಟಾ ಬೀಳುತ್ತದೆ, ಎದ್ದು ನಿಂತ ಕೂಡಲೇ ಬಿಚ್ಚಿಕೊಳ್ಳುತ್ತದೆ. ಗುಬ್ಬಿಗೂ ಆಗಿದ್ದು ಇದೇ ಅಲ್ಲವೇ?

ಒಂದು ಶೀಟನ್ನು ಹಬೆಯ ಪೈಪಿನ ಕೊಂಡಿಗೆ ಕಟ್ಟಿ, ಮಗುಚಿದ ಬುಟ್ಟಿಯ ಮೇಲೆ ಕೂತು ಕಾಲಿಗೆ ಸುತ್ತಿ ನೋಡಿದಳು. ಒಳಗಿನಿಂದ ಹೊರಕ್ಕೆ ಸುತ್ತಿದರೆ ಜಾರಿತು. ಹೊರಗಿನಿಂದ ಒಳಕ್ಕೆ ಸುತ್ತಿದರೆ ಹಿಡಿಯಿತು. ಬೆರಳು ಮುಂದಕ್ಕೆ ಚಾಚಿದರೆ ಮತ್ತೆ ಜಾರಿತು. ಬೆರಳನ್ನು ಮೊಣಕಾಲಿನ ಕಡೆ ಎಳೆದು ಪಾದವನ್ನು ಕೊಕ್ಕೆ ಮಾಡಿದರೆ ಅಲ್ಲಾಡಲಿಲ್ಲ.

"ಏನಮ್ಮ ಇದು, ಡ್ಯೂಟಿ ಟೈಮಲ್ಲಿ ಉಯ್ಯಾಲೆ ಆಡ್ತಿದೀಯಾ?" ಮೇಲ್ವಿಚಾರಕ ಬಾಗಿಲಲ್ಲಿ ನಿಂತಿದ್ದ.

"ಮಿಷನ್ನು ಸರಿಮಾಡ್ಸು, ಆಮೇಲೆ ನನ್ನ ಕೇಳು" ಅಂದಳು ಕೆಂಡತ್ತೆ, ಕಾಲಿನಿಂದ ಕಣ್ಣು ತೆಗೆಯದೆ.

ಸಂಜೆ ಹಾಲ್‌ನಲ್ಲಿ ಅವಳು ಕೋಚ್ ಕಡೆ ನೋಡಲೇ ಇಲ್ಲ. ಬಟ್ಟೆ ತೊಡೆಯ ಹೊರಮಗ್ಗುಲಿಗೆ ಬಂತು. ಕಾಲು ಹೊರಗಿನಿಂದ ಬಳಸಿ ಒಳಕ್ಕೆ ಬಂತು. ಬೆರಳು ಮೇಲಕ್ಕೆ. ಎಡಪಾದ ಕೆಳಗಿನ ಬಾಲವನ್ನು ಎತ್ತಿ ಬಲಪಾದದ ಮೇಲೆ ಹಾಕಿತು. ಎದ್ದು ನಿಂತಳು. ಗಂಟು ಕಚ್ಚಿ ಹಿಡಿಯಿತು. ನೆಲದಿಂದ ಎರಡಡಿ ಮೇಲೆ, ಎರಡೂ ಕೈಯಲ್ಲಿ ಬಟ್ಟೆ ಹಿಡಿದು, ನಲವತ್ತಾರು ವರ್ಷದ ಹೆಂಗಸು ನೆಟ್ಟಗೆ ನಿಂತಿದ್ದಳು. ಹುಡುಗಿಯರು ಚಪ್ಪಾಳೆ ತಟ್ಟಿದರು.

ಅವಳಿಗೆ ಖುಷಿಯಾಗಲಿಲ್ಲ. ಪಿತ್ತ ನೆತ್ತಿಗೇರಿತು.

"ಇಷ್ಟೇನಾ?" ಅಂದಳು ಮೇಲಿನಿಂದಲೇ. "ಇಷ್ಟಕ್ಕೆ ಏಳು ವಾರ ತಗೊಂಡ್ಯಾ ನನ್ನ ಹತ್ರ? ನಾಲ್ಕು ಮಾತಲ್ಲಿ ಹೇಳೋದಿತ್ತು. ಹೊರಗಿಂದ ಒಳಕ್ಕೆ. ಬೆರಳು ಮೇಲಕ್ಕೆ. ಬಾಲ ಎತ್ತಿ ಹಾಕು. ನಿಲ್ಲು. ಬಾಯಲ್ಲಿ ಏನಿತ್ತು ನಿಂಗೆ? ಆ ಮಗು ಕಾಲಿನ ಚರ್ಮ ಕಿತ್ಕೊಂಡು ಮನೆಗೆ ಬಂತಲ್ಲ, ಅವಳ ಮೈಗೆ ಒಗ್ಗಲ್ಲ ಅಂದ್ಯಲ್ಲ. ಒಗ್ಗದೆ ಇದ್ದಿದ್ದು ಅವಳ ಮೈಗಲ್ಲ, ನಿನ್ನ ಬಾಯಿಗೆ."

ಕೋಚ್ ತಿರುಗಿ ಮಾತಾಡುತ್ತಾಳೆ, ಹೊರಗೆ ಹೋಗಿ ಅನ್ನುತ್ತಾಳೆ ಅಂತ ಎಲ್ಲರೂ ಕಾದರು. ಅವಳು ಮ್ಯಾಟಿನ ಅಂಚಿನಲ್ಲಿ ಕೂತುಬಿಟ್ಟಳು.

"ನಂಗೂ ಯಾರೂ ಹೇಳಿಕೊಟ್ಟಿಲ್ಲ ಆಂಟಿ. ನೋಡಿದೆ, ಮಾಡಿದೆ, ಮೊದಲ ದಿನವೇ ಬಂತು. ಕಾಲು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ನಾನು ಯಾವತ್ತೂ ಗಮನಿಸಿಲ್ಲ."

ಕೆಂಡತ್ತೆಗೆ ಆ ಉತ್ತರ ಇನ್ನಷ್ಟು ಸಿಟ್ಟು ತರಿಸಿತು. ಬೈದರೆ ತಿರುಗಿ ಬೈಯುವವರು ಅವಳಿಗೆ ಬೇಕಿತ್ತು.

ಮನೆಗೆ ಬಂದವಳೇ ಗುಬ್ಬಿಯ ಬಾಗಿಲು ತಟ್ಟಿದಳು. ಹುಡುಗಿ ತೆಗೆಯಲಿಲ್ಲ. "ತೆಗೀದಿದ್ರೆ ಕೊಂಡಿ ಕಿತ್ತು ಬರ್ತೀನಿ" ಅಂದಮೇಲೆ ತೆಗೆದಳು. ಕಿಟಕಿಯ ಸರಳಿಗೆ ಬೆಡ್‌ಶೀಟು ಕಟ್ಟಿ, ಅವಳನ್ನು ಮಂಚದ ಅಂಚಿನಲ್ಲಿ ಕೂರಿಸಿ, ತಾನು ಅವಳ ಪಕ್ಕದಲ್ಲೇ, ಅವಳು ನೋಡುವ ಕಡೆಗೇ ಮುಖ ಮಾಡಿ ಕೂತು, ಹೊರಗಿನಿಂದ ಒಳಕ್ಕೆ ಸುತ್ತಿ ತೋರಿಸಿದಳು. ಗುಬ್ಬಿ ಮುಖ ಗಂಟಿಕ್ಕಿಕೊಂಡೇ ಕಾಲು ಎತ್ತಿದಳು. ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದ. ಅವನದು ಬ್ಯಾಟರಿ ರಿಪೇರಿ ಅಂಗಡಿ, ಕೈಯೆಲ್ಲ ಕಪ್ಪು.

"ಮತ್ತೆ ಶುರುವಾಯ್ತಾ ಅಕ್ಕ? ಬಿಡು ಅಂದ್ನಲ್ಲ. ಅವಳಿಗೆ ಹತ್ತಲ್ಲ ಅಂದ್ರೆ ಹತ್ತಲ್ಲ."

ಕೆಂಡತ್ತೆ ಎದ್ದು ನಿಂತಳು. ದನಿ ತಗ್ಗಿತು.

"ನೀವು ಹೇಳಿ. ಯಾರು ತೀರ್ಮಾನ ಮಾಡಿದ್ದು ಅದನ್ನ?"

ತಮ್ಮನಿಗೆ 'ನೀವು' ಕೇಳಿದ್ದೇ ಕಾಲು ಹಿಂದೆ ಹೋಯಿತು. ಆದರೆ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು, ಜಾಗ ಇರಲಿಲ್ಲ.

"ನನ್ನ ತಲೆಗೆ ಹತ್ತಲ್ಲ ಅಂದಾಗ ನೀವು ಪಕ್ಕದಲ್ಲೇ ನಿಂತಿದ್ರಿ. ಹತ್ತು ವರ್ಷ ನಿಮಗೆ. ಮರುದಿನ ಚೀಲ ಹಾಕ್ಕೊಂಡು ಹೊರಟ್ರಿ. ಅಕ್ಕ ಯಾಕೆ ಬರ್ತಿಲ್ಲ ಅಂತ ಒಂದು ದಿನ ಕೇಳಿದ್ರಾ? ಈಗ ನಿಮ್ಮ ಮಗಳಿಗೂ ಅದೇ ಮಾತು. ಮೇಷ್ಟ್ರು ಹೋದ್ರು, ಅಪ್ಪ ಹೋದ್ರು, ಮಾತು ಮಾತ್ರ ನಿಮ್ಮ ಬಾಯಲ್ಲಿ ಉಳೀತು."

ತಮ್ಮ ತನ್ನ ಕಪ್ಪು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಹೇಳಿದ: "ನಂಗೂ ಬರ್ತಿರ್ಲಿಲ್ಲ ಅಕ್ಕ, ಆ ಲೆಕ್ಕ. ಆರನೇ ಕ್ಲಾಸಿಗೆ ಬಂದಾಗ ಪಕ್ಕದವನದ್ದು ನೋಡಿ ಬರೆದೆ. ಗೊತ್ತಾಗಲ್ಲ ಅಂತ ಬಾಯಿಬಿಟ್ರೆ ನನ್ನನ್ನೂ ಬಿಡಿಸ್ತಾರೆ ಅಂತ ಹೆದರಿಕೆ. ನಿನ್ನ ನೋಡಿದ್ನಲ್ಲ."

ಅವನು ಹಾಗೆ ಹೇಳಿದ ಮೇಲೆ ಅಕ್ಕ ಕರಗುತ್ತಾಳೆ ಅಂತ ತಮ್ಮನ ಹೆಂಡತಿ ಕಾದಳು. ಅಕ್ಕ ಕರಗಲಿಲ್ಲ. "ಇದನ್ನ ಮೂವತ್ತು ವರ್ಷ ಹೊಟ್ಟೇಲಿ ಇಟ್ಕೊಂಡು ನನ್ನೆದುರು ಅನ್ನ ತಿಂದ್ರಲ್ಲ" ಅಂದಳು. "ಹೋಗಿ. ಕೈ ತೊಳ್ಕೊಳ್ಳಿ." ಆಮೇಲೆ ಒಂದು ತಿಂಗಳು ಅವಳು ತಮ್ಮನ ಜೊತೆ ಮಾತಾಡಲಿಲ್ಲ. ಮಾತು ಶುರುವಾದ ಮೇಲೂ ಕೆಲವು ದಿನ ಅದು ಬಹುವಚನದಲ್ಲೇ ಇತ್ತು.

ಅವತ್ತು ತಮ್ಮ ಹೋದಾಗ ಗುಬ್ಬಿ ಮಂಚದ ಮೇಲೇ ಕೂತಿದ್ದಳು. ಜಗಳದ ನಡುವೆ ಯಾರೂ ನೋಡದಿದ್ದಾಗ ಅವಳು ಶೀಟನ್ನು ಹೊರಗಿನಿಂದ ಒಳಕ್ಕೆ ಸುತ್ತಿಕೊಂಡಿದ್ದಳು. ಎಳೆದು ನೋಡಿದಳು. ಜಾರಲಿಲ್ಲ, ಗಟ್ಟಿಯಾಗಿ ಕೂತಿತ್ತು.

"ಅತ್ತೆ," ಅಂದಳು ಮೆಲ್ಲಗೆ. "ಹಿಡೀತು."

ಮುಂದಿನ ವಾರ ಗುಬ್ಬಿ ಹಾಲ್‌ಗೆ ವಾಪಸ್ ಹೋದಳು. ಎರಡು ತಿಂಗಳಲ್ಲಿ ತೊಲೆಯ ತನಕ ಹತ್ತಿ, ಎರಡೂ ಕಾಲಿಗೆ ಗಂಟು ಹಾಕಿ, ಕೈ ಬಿಟ್ಟು ನಿಲ್ಲುವುದನ್ನು ಕಲಿತಳು. ಆಮೇಲೆ ಒಂದು ದಿನ ಬ್ಯಾಗನ್ನು ಮೂಲೆಗೆ ಎಸೆದು, ಇನ್ನು ಸಾಕು, ನಾನು ಸೈಕಲ್ ರೇಸಿಗೆ ಸೇರುತ್ತೇನೆ ಅಂದಳು. ಕೆಂಡತ್ತೆ ಉರಿದು ಬಿದ್ದಳು. "ನಿನಗೋಸ್ಕರ ನಾನು ಊರೆಲ್ಲ ಜಗಳ ಆಡಿದ್ದು ಇದಕ್ಕಾ?"

"ಬಂತಲ್ಲ ಅತ್ತೆ. ಬರಲ್ಲ ಅಂತ ಬಿಟ್ಟಿದ್ದು ಬೇರೆ. ಈಗ ಬೇಡ ಅಂತ ಬಿಡ್ತಿದ್ದೀನಿ."

ಆ ಸಿಟ್ಟು ಕೆಂಡತ್ತೆಯನ್ನು ಎಂಟು ದಿನ ಕಾಡಿತು. ಒಂಬತ್ತನೇ ದಿನ ಕೋಚ್ ಫೋನ್ ಮಾಡಿದಳು. ಹೊಸದಾಗಿ ಒಂಬತ್ತು ಜನ ಸೇರಿದ್ದಾರೆ, ಐದು ಜನಕ್ಕೆ ಕಾಲುಗಂಟು ಬರುತ್ತಿಲ್ಲ, ನನ್ನಿಂದ ಆಗುತ್ತಿಲ್ಲ, ಬರುತ್ತೀರಾ?

"ಈಗ ಗೊತ್ತಾಯ್ತಾ?" ಅಂದಳು ಕೆಂಡತ್ತೆ. ಹೋದಳು.

ಅವಳ ಕಲಿಸುವ ರೀತಿ ಬೇರೆಯೇ ಇತ್ತು. ಕಲಿಯುವವರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ಮೊದಲ ದಿನ ಯಾರೂ ನೆಲ ಬಿಡುವ ಹಾಗಿಲ್ಲ. ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಹಾಕಬೇಕು, ಬಿಚ್ಚಬೇಕು. ಬರಲಿಲ್ಲ ಅಂದರೆ ಎಲ್ಲಿ ಬರಲಿಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ಸುಮ್ಮನಿದ್ದರೆ ಗ್ರಹಚಾರ ಬಿಡಿಸುತ್ತಿದ್ದಳು. ಜನ ಹೆದರುತ್ತಿದ್ದರು, ಆದರೂ ಬರುತ್ತಿದ್ದರು.

ಅವರಲ್ಲಿ ಒಬ್ಬ ಬಸ್ ಡ್ರೈವರ್ ಇದ್ದ. ಐವತ್ತರ ಹತ್ತಿರ, ಬೆನ್ನುನೋವಿಗೆ ಒಳ್ಳೆಯದು ಅಂತ ಯಾರೋ ಹೇಳಿದ್ದರಂತೆ. ಮೆತ್ತಗಿನ ಮನುಷ್ಯ. ನಾಲ್ಕು ವಾರವಾದರೂ ಅವನ ಗಂಟು ನಿಲ್ಲಲಿಲ್ಲ. ಎಲ್ಲಿ ತಪ್ಪಿತು ಅಂದರೆ, "ಗೊತ್ತಿಲ್ಲ ಮೇಡಂ, ಕಾಲು ಕೇಳ್ತಿಲ್ಲ" ಅನ್ನುತ್ತಿದ್ದ. ಐದನೇ ವಾರ ಒಂದೇ ಸಂಜೆ ಹನ್ನೊಂದನೇ ಸಲ ಜಾರಿದಾಗ ಕೆಂಡತ್ತೆ ಬಾಯಿ ತೆರೆದಳು. "ನಿಮಗೆ ಇದು ಹ—"

ಆ ಶಬ್ದ ನಾಲಗೆಯ ಮೇಲಿತ್ತು. ಅವಳು ಬಾಯಿ ಮುಚ್ಚಿ, ಹಾಲ್‌ನಿಂದ ಹೊರಗೆ ನಡೆದು, ಮೆಟ್ಟಿಲಿಳಿದು ಗೋದಾಮಿನ ಮುಂದೆ ನಿಂತಳು. ಜೋಡಿಸಿಟ್ಟ ಟೈರಿಗೆ ಒಂದು ಒದೆ ಕೊಟ್ಟಳು. ಬದುಕಿನಲ್ಲಿ ಎಷ್ಟೋ ಜನರ ಮೇಲೆ ಅವಳಿಗೆ ಕೋಪ ಬಂದಿತ್ತು. ಇಷ್ಟು ಕೋಪ ಯಾರ ಮೇಲೂ ಬಂದಿರಲಿಲ್ಲ, ಈಗ ತನ್ನ ಮೇಲೆ ಬಂದಷ್ಟು. ಏದುಸಿರು ಇಳಿಯುವ ತನಕ ಅಲ್ಲೇ ನಿಂತು ಯೋಚಿಸಿದಳು. ಕಾಲು ಕೇಳ್ತಿಲ್ಲ ಅಂತಾನೆ. ಯಾವ ಕಾಲು?

ಮೇಲೆ ಹೋದಾಗ ಅವನು ಬೂಟು ಹಾಕಿಕೊಳ್ಳುತ್ತಿದ್ದ.

"ಬಿಚ್ಚಿ. ಚೆಂಡು ಬಂದ್ರೆ ಯಾವ ಕಾಲಲ್ಲಿ ಒದೀತೀರಿ?"

ಅವನು ಯೋಚಿಸಿ, "ಎಡಗಾಲಲ್ಲಿ" ಅಂದ.

"ನಾಲ್ಕು ವಾರದಿಂದ ನಾನು ಬಲಗಾಲು ಬಲಗಾಲು ಅಂತ ಬಡ್ಕೊಳ್ತಿದ್ದೀನಿ. ಎಡಗಾಲಿನವನು ಅಂತ ಹೇಳೋಕ್ಕೇನಾಗಿತ್ತು?"

"ನೀವು ಕೇಳಲಿಲ್ಲ ಮೇಡಂ."

"ಹೌದು, ನಾನು ಕೇಳಲಿಲ್ಲ. ತಪ್ಪು ನಂದೇ. ಹತ್ತಿ."

ಅವನು ಎಡಗಾಲಿಗೆ ಸುತ್ತಿದ. ಬಲಪಾದ ಬಾಲವನ್ನು ಎತ್ತಿ ಹಾಕಿತು. ಎದ್ದು ನಿಂತ. ಗಂಟು ಜಗ್ಗಲಿಲ್ಲ. ಅವನ ಮುಖ ಬೆಳಗಿತು. ಆಮೇಲೆ ಕೆಳಗೆ ನೋಡಿ ಬಿಳಿಚಿಕೊಂಡ. ಬಿಚ್ಚುವುದನ್ನು ಅವನು ಕುರ್ಚಿಯಲ್ಲಿ ಕೂತು ಕಲಿತದ್ದು ಬಲಗಾಲಿನಲ್ಲಿ.

"ಮೇಡಂ, ಇಳಿಯೋದು ಹೇಗೆ?"

"ಕೈ ಬಿಡ್ಬೇಡಿ. ಕೈ ಬಿಟ್ರೆ ನನ್ನ ಹತ್ರ ಒದೆ ತಿಂತೀರಿ" ಅಂತ ಗದರುತ್ತ ಕೆಂಡತ್ತೆ ಮ್ಯಾಟಿನ ಮೇಲೆ ಮಂಡಿಯೂರಿ, ಅವನ ಎಡಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಬಲಪಾದದಿಂದ ಬಾಲ ಕೆಳಗೆ ತಳ್ಳಿ. ಆತುರ ಬೇಡ. ಈಗ ಕಾಲು ಒಳಗಿಂದ ಹೊರಕ್ಕೆ."